ಮೊಣಕಾಲುದ್ದ ನೀರು

ನವೆಂಬರ್ ೬, ಗುರುವಾರ

ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಇವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು ಒಂದು ಮಾತು ಹೇಳಿದರು. ಸಾಸಿವೆ ಸೀದು ಕರಕಲಾದರೂ ನಾನು ಸೌಟು ಹಿಡಿದು ನಿಂತೇ ಇದ್ದೆ.

“ಅರ್ಜಿಗೆ ಸಹಿ ಮಾಡ್ತೀನಿ, ವಸು. ಆದ್ರ ಅದಕ್ಕಿಂತ ಮೊದ್ಲ ನೀ ನನ್ನ ಜೋಡಿ ಒಮ್ಮೆ ದೋಣಿಯೊಳಗ ಕೂಡಬೇಕು. ಹೊಳಿ ಸಮುದ್ರ ಕೂಡೋ ತನಕ ಹೋಗಿ ಬರೋಣ. ಬಂದ ಮ್ಯಾಲೂ ನೀ ಗಜೇಂದ್ರಗಡ ಅಂದ್ರ, ಗಜೇಂದ್ರಗಡ.”

ಮೂರು ತಿಂಗಳ ಹಿಂದೆ ನೆರೆಯಿಂದ ಬದುಕಿ ಬಂದ ಮನುಷ್ಯ ಆಡುವ ಮಾತೇ ಇದು? ಇವರು ಕೊಣ್ಣೂರಿನಲ್ಲಿ ದನದ ಡಾಕ್ಟರು. ಆಗಸ್ಟ್‌ನಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆಂಬ ಸುದ್ದಿ ಬಂದಾಗ, ಸೇತುವೆಯಾಚೆ ಯಂಕವ್ವನ ಹೊಲದಲ್ಲಿ ಕಟ್ಟಿದ್ದ ದನಗಳ ಹಗ್ಗ ಬಿಚ್ಚಲು ಓಡಿದರು. ದನಗಳು ಈಸಿ ದಡ ಸೇರಿದವು. ಇವರು ಅಲ್ಲೇ ಸಿಕ್ಕಿಕೊಂಡರು. ಕೊಟ್ಟಿಗೆಯ ತಗಡಿನ ಮೇಲೆ ಹತ್ತಿ ಕೂತು, ಮಲಪ್ರಭೆ ತಗಡಿನ ಅಂಚಿಗೆ ಏರುವುದನ್ನು ಸಂಜೆ ಜನ ಬಂದು ಇಳಿಸುವವರೆಗೆ ನೋಡಿದರು. ಮಧ್ಯಾಹ್ನಕ್ಕೇ ಇವರ ಫೋನು ಸತ್ತಿತ್ತು. ಅಲ್ಲಿಂದ ಸಂಜೆಯವರೆಗೆ ನಾನು ಎಲ್ಲಿದ್ದೆ, ಏನು ಮಾಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನೆನಪೇ ಇಲ್ಲ.

ಅಂದಿನಿಂದ ಇವರಿಗೆ ನೀರಿನ ಭಯ. ಬಾಯಿ ಬಿಟ್ಟು ಒಪ್ಪುವುದಿಲ್ಲ, ಆದರೆ ಹೆಂಡತಿಗೆ ಕಾಣುವುದಿಲ್ಲವೇ? ಸ್ನಾನಕ್ಕೆ ಹೋದರೆ ನಾನು ಬಚ್ಚಲ ಬಾಗಿಲ ಹೊರಗೆ ಕೂತಿರಬೇಕು. ಹಂಡೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ. ಅಂಗಳದ ನೀರಿನ ತೊಟ್ಟಿಗೆ ಕಲ್ಲು ಮುಚ್ಚಿಸಿ ಬೀಗ ಹಾಕಿಸಿದ್ದೇನೆ. ಗಳಿಗೆಗೊಮ್ಮೆ ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳುತ್ತಿದ್ದರೆ ಅವರಿಗೂ ಧೈರ್ಯ. ಸದ್ಯ ಇಲ್ಲಿ ನರಗುಂದದ ಕಚೇರಿಯಲ್ಲೇ ಕಾಗದ ನೋಡುತ್ತ ಕೂತಿದ್ದಾರೆ. ಗಜೇಂದ್ರಗಡದಲ್ಲಿ ಜಾಗ ಖಾಲಿ ಇದೆ. ಅಲ್ಲಿ ಹೊಳೆಯಿಲ್ಲ, ಗುಡ್ಡವಿದೆ. ವರ್ಗಾವಣೆಯ ಅರ್ಜಿಯನ್ನು ನಾನೇ ತುಂಬಿಟ್ಟಿದ್ದೇನೆ, ಇವರ ಸಹಿಯೊಂದು ಬಿದ್ದರೆ ಸಾಕು. ತಿಂಗಳು ಮುಗಿಯುವುದರೊಳಗೆ ಕೊಡಬೇಕು.

ಇಂಥ ಹೊತ್ತಿನಲ್ಲಿ ದೋಣಿಯಂತೆ. ತಲೆ ಕೆಟ್ಟಿದೆ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಬೇರೆ ಏನೆನ್ನಲಿ?

ನವೆಂಬರ್ ೭, ಶುಕ್ರವಾರ

ರಾತ್ರಿಯೆಲ್ಲ ಯೋಚಿಸಿದೆ. ಕೂಡಲೇಬೇಕಾದರೆ ಕೂಡೋಣ. ಆದರೆ ಎಲ್ಲಿ, ಯಾವಾಗ, ಹೇಗೆ ಎಂಬುದೆಲ್ಲ ನನ್ನ ಕೈಯಲ್ಲಿರಬೇಕು. ಪ್ರತಿವರ್ಷ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವಳು ನಾನು, ಒಂದು ಮಗುವಿನ ಚಪ್ಪಲಿಯೂ ಕಳೆದಿಲ್ಲ.

ಹಾಗೆಂದಾಗ ಇವರು ಎಲ್ಲದಕ್ಕೂ ತಲೆಯಾಡಿಸಿದರು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಇನ್ನಷ್ಟು ಗಾಬರಿಯಾಯಿತು.

ನನ್ನ ಷರತ್ತು ಒಂದೇ. ಮೊಣಕಾಲುದ್ದಕ್ಕಿಂತ ಹೆಚ್ಚು ನೀರಿರುವ ಕಡೆ ದೋಣಿ ಹೋಗಕೂಡದು. ನಾನು ಹುಟ್ಟಿದ್ದು ರೋಣದಲ್ಲಿ. ಅಲ್ಲಿ ನೀರು ಎಂದರೆ ಕೊಡದಲ್ಲಿ ಬರುವುದು. ಹಳ್ಳ ಬಂದರೆ ಕೋಲು ಇಳಿಬಿಟ್ಟು ನೋಡುತ್ತಿದ್ದೆವು. ಮೊಣಕಾಲಿನೊಳಗಿದ್ದರೆ ಸೀರೆ ಎತ್ತಿ ಕಟ್ಟಿ ದಾಟುವುದು, ಮೀರಿದರೆ ತಿರುಗಿ ಮನೆಗೆ ಬರುವುದು. ಹಾಗೆ ಮಾಡಿದವರು ಯಾರೂ ಸತ್ತಿಲ್ಲ.

ನವೆಂಬರ್ ೧೦, ಸೋಮವಾರ

ಕುಮಟಾ ಹತ್ತಿರದ ತದಡಿಯಲ್ಲಿ ಹಮ್ಮಣ್ಣ ಎಂಬ ದೋಣಿಯವನಿದ್ದಾನೆ. ನಂಬರು ಇವರೇ ಕೊಟ್ಟರು. ಅಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ, ಹೊಳೆಬಾಯಿಯಲ್ಲಿ ಎಲ್ಲ ಕಡೆ ನೀರು ಆಳವಿಲ್ಲ ಎಂದು ಯಾರೋ ಹೇಳಿದರಂತೆ. ಶಾಲೆ ಬಿಟ್ಟ ಮೇಲೆ ಫೋನು ಹಚ್ಚಿದೆ.

“ನೀರು ಎಷ್ಟು ಆಳ ಅದರೀ?” ಎಂದೆ.

“ಯಾವ ಹೊತ್ತಿಗೆ, ಅಕ್ಕೋರೇ?” ಎಂದ.

ಹೊತ್ತಿಗೂ ಆಳಕ್ಕೂ ಏನು ಸಂಬಂಧ ಎಂದು ಕೇಳಿದೆ. ಅವನು ಹೇಳಿದ್ದನ್ನು ಕೇಳಿ ಕೂತಲ್ಲಿಂದ ಎದ್ದು ನಿಂತೆ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದಂತೆ, ಎರಡು ಸಲ ಇಳಿಯುತ್ತದಂತೆ. ಮಳೆ ಬೇಡ, ಡ್ಯಾಮು ಬೇಡ. ಉಬ್ಬರವಿಳಿತ ಎಂದು ಪುಸ್ತಕದಲ್ಲಿ ನಾನೇ ಎಷ್ಟು ಸಲ ಓದಿಸಿಲ್ಲ, ಆದರೆ ಅದು ಜನರ ಮನೆಯ ಹಿತ್ತಿಲವರೆಗೆ ಬಂದುಹೋಗುತ್ತದೆ ಎಂದು ಯೋಚಿಸಿರಲಿಲ್ಲ. ದಿನಕ್ಕೆ ಎರಡು ನೆರೆ. ಆ ಊರಿನವರು ಒಬ್ಬರೂ ಅರ್ಜಿ ಹಾಕದೆ ಅಲ್ಲೇ ಇದ್ದಾರೆ.

“ಹಂಗಾದ್ರ ನೀರು ಇಳಿದಾಗನ ಹೋಗೋಣ,” ಎಂದೆ.

“ಪೂರ್ತಿ ಇಳಿದಾಗ ಆಗೂದಿಲ್ಲ. ಮೋಟಾರಿನ ರೆಕ್ಕೆ ಮರಳಿಗೆ ಬಡೀತದೆ. ಆಳ ಇದ್ದಲ್ಲಿ ಹೋದ್ರೆ ಏನೂ ಹೆದ್ರಿಕೆ ಇಲ್ಲ, ಅಕ್ಕೋರೇ.”

ಆಳ ಇದ್ದಲ್ಲಿ ಹೆದರಿಕೆ ಇಲ್ಲವಂತೆ. ಇವನಿಗೆ ಯಾರನ್ನಾದರೂ ಕರೆದೊಯ್ದು ವಾಪಸು ತಂದ ಅನುಭವವಿದೆಯೋ ಇಲ್ಲವೋ. ಕೊನೆಗೆ ಬೆಳಿಗ್ಗೆ ನೀರು ಇಳಿಯಲು ಶುರುವಾದ ಹೊತ್ತಿಗೆ ಹೊರಟು ಬೇಗ ತಿರುಗುವುದು ಎಂದಾಯಿತು.

ನವೆಂಬರ್ ೧೫, ಶನಿವಾರ

ಯಂಕವ್ವ ಬಂದಿದ್ದಳು. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದು ಕಟ್ಟೆಯ ಮೇಲೆ ಕೂತಳು. ಇವರು ಕಚೇರಿಯಲ್ಲಿದ್ದರು.

“ಡಾಕ್ಟರ್ ಸಾಹೇಬ್ರು ಯಾವಾಗ ಬರ್ತಾರ್ರಿ ಅಕ್ಕೋರ? ಎಮ್ಮಿ ಗಬ್ಬ ಐತಿ, ಮೊದಲನೇ ಸೂಲು. ಬ್ಯಾರೇ ಡಾಕ್ಟರ್ರು ವಾರಕ್ಕೊಮ್ಮಿ ಬರ್ತಾರ, ಬಂದ್ರೂ ಹೊಳಿ ಆಚಿಕಡೆ ಬರೂದಿಲ್ರಿ.”

“ಅವ್ರ ಆರೋಗ್ಯ ಚಲೋ ಇಲ್ಲವ್ವಾ. ಬಹುಶಃ ಬರೂದಿಲ್ಲ,” ಎಂದೆ.

ಅವಳು ನನ್ನ ಮುಖ ನೋಡಿದಳು. “ನಮ್ಮ ದನಾ ಬಿಚ್ಚಾಕ ಬಂದು ಹಂಗಾತು. ನಮಗ ಗೊತ್ತೈತ್ರಿ,” ಎಂದು ಎದ್ದಳು. ನೀರು ಕೊಡಲು ಹೋದರೆ ಕುಡಿಯಲಿಲ್ಲ, ಬಸ್ಸಿಗೆ ತಡವಾಗುತ್ತದೆ ಎಂದಳು.

ಇವರಿಗೆ ಹೇಳಲಿಲ್ಲ. ಇವರು ಬೇಸರ ಮಾಡಿಕೊಂಡಾರು.

ನವೆಂಬರ್ ೧೯, ಬುಧವಾರ

ಮುಹೂರ್ತದ ಜಗಳ. ಹುಣ್ಣಿಮೆ ಅಮಾವಾಸ್ಯೆಗೆ ನೀರಿನ ಎಳೆತ ಜೋರು, ಅಷ್ಟಮಿಯ ಸುತ್ತ ಸಪ್ಪಗಿರುತ್ತದೆ ಎಂದು ಹಮ್ಮಣ್ಣ ಹೇಳಿದ್ದ. ಪಂಚಾಂಗ ತೆಗೆದು ಬರುವ ಅಷ್ಟಮಿಗೆ ಗುರುತು ಹಾಕಿದೆ. ಅತ್ತೆ ಗಂಗಾಬಾಯಿಯವರು ಜಪಸರ ಕೆಳಗಿಟ್ಟರು.

“ಅಷ್ಟಮಿ ದಿನಾ ಯಾರರ ಪ್ರಯಾಣ ಮಾಡ್ತಾರೇನ? ನಿಮ್ಮ ರೋಣದಾಗ ಮಾಡ್ತಿದ್ದಿರೋ ಏನೋ.”

“ಹೊರಡೋದು ಸಪ್ತಮಿಗೆ. ದೋಣಿ ಅಷ್ಟೇ ಅಷ್ಟಮಿಗೆ,” ಎಂದೆ.

“ದೋಣಿ ಅಂದ್ರ ಪ್ರಯಾಣ ಅಲ್ಲ ಅಂದಂಗಾತು,” ಎಂದರು. ಇವರು ಪೇಪರಿನ ಹಿಂದೆ ನಗುತ್ತಿದ್ದರು. ಪೇಪರು ಅಲುಗುತ್ತಿತ್ತು.

ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಮಗನನ್ನು ಕಳೆದುಕೊಳ್ಳುವುದರಲ್ಲಿದ್ದವರು. ಅವರು ಜಪಸರ ಮತ್ತೆ ಕೈಗೆತ್ತಿಕೊಂಡು, “ಹೋಗಿ ಬರ್ರಿ. ನೀನೂ ಹೋಗಿ ಬಾ, ವಸುಧಾ,” ಎಂದರು. ನಾನು ಹೋಗದೆ ಇವರೊಬ್ಬರೇ ಹೋಗುತ್ತಾರೆಯೇ? ಏನೋ ಒಂದು ಮಾತು.

ನವೆಂಬರ್ ೨೪, ಸೋಮವಾರ

ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೋಣಿ ಬರೆದೆ. ಉದ್ದ ಅಗಲ ಹಮ್ಮಣ್ಣನನ್ನೇ ಕೇಳಿಕೊಂಡಿದ್ದೆ. ಮೋಟಾರು ಹಿಂದೆ, ಅಲ್ಲಿ ಅವನು. ನಡುವೆ ಇವರು, ಪಕ್ಕದಲ್ಲಿ ನಾನು. ಎದ್ದು ನಿಲ್ಲಕೂಡದು, ಒಂದೇ ಕಡೆ ವಾಲಕೂಡದು, ಕೈ ಹೊರಗೆ ಹಾಕಕೂಡದು. ಎಲ್ಲ ವಿವರಿಸಿ ಇವರನ್ನು ಕೂಡಿಸಿದೆ. ಹಮ್ಮಣ್ಣನ ಜಾಗ ಖಾಲಿ ಇತ್ತು, ಅತ್ತೆ ಬಂದು ಅಲ್ಲಿ ಕೂತರು.

“ಎಲ್ಲಿಗಿ ಹೊಂಟೇವಿ?” ಎಂದರು.

“ಸಮುದ್ರಕ್ಕ,” ಎಂದರು ಇವರು.

ಎದುರುಮನೆಯ ಬಾನುಬಿ ಗೇಟಿನ ಬಳಿ ನಿಂತು ಮೂವರನ್ನೂ ನೋಡಿ ಏನೂ ಕೇಳದೆ ಹೋದಳು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ. ನಾನೂ ನಕ್ಕೆ, ಆಮೇಲೆ ಹೋಗಿ ತೊಟ್ಟಿಯ ಬೀಗ ಎಳೆದು ನೋಡಿ ಬಂದೆ.

ನವೆಂಬರ್ ೨೭, ಗುರುವಾರ, ತದಡಿ

ಹುಬ್ಬಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಘಟ್ಟ ಇಳಿದು ಬಂದೆವು. ಸಂಜೆ ಹೊಳೆ ನೋಡಿದೆ.

ಬರೆಯಲು ಆಗುತ್ತಿಲ್ಲ. ಇಷ್ಟು ಅಗಲ ಇರುತ್ತದೆಂದು ಯಾರೂ ಹೇಳಿರಲಿಲ್ಲ.

ನವೆಂಬರ್ ೨೮, ಶುಕ್ರವಾರ

ಎಲ್ಲವನ್ನೂ ಆದ ಹಾಗೆಯೇ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಹಮ್ಮಣ್ಣ ನಮ್ಮ ಅತ್ತೆಗಿಂತ ಸ್ವಲ್ಪ ಚಿಕ್ಕವನಿರಬಹುದು. ಲೈಫ್ ಜಾಕೆಟ್ಟುಗಳನ್ನು ತಾನೇ ಬಿಗಿದು ಕಟ್ಟಿದ. ಬೆಳಗಿನ ನೀರು ಆಗತಾನೇ ಇಳಿಮುಖವಾಗಿತ್ತು. ದೋಣಿ ಹೊರಟು ಹೊಳೆಯ ನಡುವಿಗೆ ಬಂತು. ಕೆಳಗೆ ನೋಡಿದೆ. ಹಸಿರು ಬಣ್ಣ, ತಳ ಕಾಣುವುದಿಲ್ಲ. ಎಡಗಡೆ ಸ್ವಲ್ಪ ದೂರದಲ್ಲಿ ನೀರು ತಿಳಿಯಾಗಿ ಮರಳು ಕಾಣುತ್ತಿತ್ತು.

“ಆಕಡೆ ತಿರುಗಿಸ್ರಿ,” ಎಂದೆ.

“ಅಲ್ಲಿ ಬೇಡ ಅಕ್ಕೋರೇ. ಅದು ಮರಳಿನ ದಿಬ್ಬ. ನೀರು ಇಳೀತಾ ಅದೆ.”

ಅವನು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎದ್ದು ನಿಂತುಬಿಟ್ಟೆ. ಅಂಗಳದಲ್ಲಿ ಇವರಿಗೆ ಬೇಡವೆಂದು ಹೇಳಿಕೊಟ್ಟವಳು ನಾನೇ ಎದ್ದು ನಿಂತು, ತಿರುಗಿಸ್ರಿ ತಿರುಗಿಸ್ರಿ ಎಂದು ಕೂಗಿದೆ. ದೋಣಿ ಓಲಾಡಿತು. ಇವರು ನನ್ನ ಕೈ ಹಿಡಿದು, “ಹಮ್ಮಣ್ಣ, ಆಕಿ ಹೇಳಿದ ಕಡೆ ನಡೀರಿ,” ಎಂದರು. ಅವನು ತಿರುಗಿಸಿದ.

ಮೊಣಕಾಲುದ್ದ ನೀರು ಕಂಡು ಜೀವ ಬಂದಂತಾಯಿತು. ಅಷ್ಟರಲ್ಲಿ ಕೆಳಗೆ ಕರ್ ಎಂದಿತು. ಮೋಟಾರು ನಿಂತಿತು. ದೋಣಿ ಮರಳಿನ ಮೇಲೆ ಕೂತಿತು.

ಹಮ್ಮಣ್ಣ ಇಳಿದ. ಅವನ ಹಿಂದೆಯೇ ಇವರೂ ಇಳಿದರು. ನಾನು ಬೇಡವೆನ್ನಲು ಬಾಯಿ ತೆರೆಯುವುದರೊಳಗೆ ಪ್ಯಾಂಟು ಮಡಚಿ, ನೀರಿನಲ್ಲಿ ನಿಂತು, ದೋಣಿಗೆ ಹೆಗಲು ಕೊಟ್ಟು ನೂಕುತ್ತಿದ್ದರು. ಮುಖದಲ್ಲಿ ಭಯದ ಸುಳಿವೇ ಇಲ್ಲ. ದೋಣಿ ಮಿಸುಕಲಿಲ್ಲ. ನೋಡುನೋಡುತ್ತಿದ್ದಂತೆ ನೀರು ಇವರ ಪಾದಕ್ಕಿಳಿಯಿತು, ಆಮೇಲೆ ಅದೂ ಇಲ್ಲ. ಹೊಳೆಯ ನಡುವೆ ಒದ್ದೆ ಮರಳು, ಅದರ ಮೇಲೆ ನಾವು.

“ಇನ್ನು ನೀರು ತಿರುಗಿ ಬರೋತನಕ ಇಲ್ಲೇ,” ಎಂದ ಹಮ್ಮಣ್ಣ. ಅವನಿಗೆ ಸಿಟ್ಟೂ ಇರಲಿಲ್ಲ. ಬೀಡಿ ಹಚ್ಚಿದ.

“ಯಾವಾಗ ಬರ್ತದ?”

“ಪೂರ್ತಿ ಹೋಗ್ಬೇಕು, ನಿಲ್ಬೇಕು, ಆಮೇಲೆ ಬರ್ಬೇಕು. ಮಧ್ಯಾಹ್ನ ಕಳೀತದೆ.”

ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆ. ಅವನಿಗೂ ಕೊಟ್ಟೆ. ತಿನ್ನುತ್ತ ನನ್ನನ್ನು ಸಮಾಧಾನ ಮಾಡಲೆಂದೇ ಆ ಮಾತು ತೆಗೆದ.

“ಬೇಜಾರು ಮಾಡ್ಕೋಬೇಡಿ ಅಕ್ಕೋರೇ. ಯಜಮಾನ್ರು ಮೊದ್ಲೇ ಫೋನು ಮಾಡಿ ಹೇಳಿದ್ರು. ನೆರೆ ಬಂದ ಮೇಲೆ ನನ್ನ ಹೆಂಡ್ತಿಗೆ ನೀರಂದ್ರೆ ಜೀವ ಹೋಗ್ತದೆ, ಹೇಳಿದ್ದಕ್ಕೆಲ್ಲ ಹೂಂ ಅನ್ನಿ, ನಿಧಾನ ಕರ್ಕೊಂಡು ಹೋಗಿ ಅಂತ.”

ಕೈಯ ತುತ್ತು ಕೆಳಗಿಟ್ಟೆ. ಇವರ ಕಡೆ ತಿರುಗಿದೆ.

“ನನಗ? ಭಯ ನನಗ?”

ಇವರು ಕೈಯ ಮರಳು ಝಾಡಿಸಿದರು. “ಹಂಡೇದಾಗ ಅರ್ಧಾ ನೀರು ಯಾರು ತುಂಬ್ತಾರ, ವಸು? ತೊಟ್ಟಿಗೆ ಬೀಗಾ ಯಾರು ಹಾಕ್ಸಿದ್ರು? ನಾ ಒಂದು ದಿನಾನರ ಹಾಕ್ರಿ ಅಂದೆನೇನು?”

ಎದ್ದು ದೋಣಿಯ ಆಚೆ ತುದಿಗೆ ಹೋಗಿ ಮರಳಿನ ಮೇಲೆ ಕೂತೆ. ಮೈಯೆಲ್ಲ ಉರಿಯಿತು. ಮೂರು ತಿಂಗಳಿಂದ ನಾನು ಇವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದರೆ, ಇವರೂ ಇವರ ತಾಯಿಯೂ ಸೇರಿ ನನ್ನನ್ನು ಕಾಯುತ್ತಿದ್ದರು. ಉತ್ತರ ಕೊಡಬೇಕೆಂದು ಒಂದೊಂದನ್ನೇ ನೆನೆದೆ. ಬಚ್ಚಲ ಹೊರಗೆ ಕೂಡುವುದು, ಫೋನು, ಬೀಗ. ಸ್ವಲ್ಪ ಭಯ ಇದ್ದರೂ ಇರಬಹುದು. ಹಂಡೆಯ ವಿಷಯ ಮಾತ್ರ ಬೇರೆ, ಅದು ಕಟ್ಟಿಗೆ ಉಳಿಯಲೆಂದು.

ಹೊತ್ತು ನೆತ್ತಿಯಿಂದ ಜಾರಿತು. ದೂರದಲ್ಲಿ ಹೆಂಗಸರು ಬಗ್ಗಿ ಮರಳು ಕೆದರಿ ಚಿಪ್ಪು ಆರಿಸುತ್ತಿದ್ದರು. ಅವರು ಒಮ್ಮೆಲೇ ಬುಟ್ಟಿ ಎತ್ತಿಕೊಂಡು ದಡಕ್ಕೆ ಹೊರಟರು.

“ಬಂತು,” ಎಂದ ಹಮ್ಮಣ್ಣ.

ಮರಳಿನ ಮೇಲೆ ತೆಳ್ಳಗೆ ಒಂದು ಗೆರೆ ಹರಿದು ಬಂತು. ಹಿಂದೆ ಇನ್ನೊಂದು. ನಾವು ದೋಣಿ ಹತ್ತಿ ಕೂತೆವು. ನೀರು ದೋಣಿಯ ಪಕ್ಕಕ್ಕೆ ತಾಗಿತು, ಸುತ್ತುವರಿಯಿತು. ಆದರೆ ಎಷ್ಟು ಹೊತ್ತಾದರೂ ದೋಣಿ ಎದ್ದೇಳಲಿಲ್ಲ. ಅಷ್ಟಮಿಯ ನೀರು ಬಡಕಲು, ಇದು ಎತ್ತದಿದ್ದರೆ ಮುಂದಿನ ನೀರಿಗೇ ಕಾಯಬೇಕು ಎಂದ ಹಮ್ಮಣ್ಣ. ಅಂದರೆ ರಾತ್ರಿಯೆಲ್ಲ ಇಲ್ಲೇ. ನನಗೆ ಆ ನೀರಿನ ಮೇಲೆ ಸಿಟ್ಟು ಬಂತು. ಬರುವುದಾದರೆ ಸರಿಯಾಗಿ ಬರಬಾರದೇ, ಇದೆಂಥ ಜುಗ್ಗತನ. ಅಂಚಿನ ಮೇಲೆ ಬಗ್ಗಿ, ಕೈ ನೀರಿನಲ್ಲಿ ಹಾಕಿ ಎಷ್ಟಾಯಿತೆಂದು ನೋಡಿದೆ. “ಬಾರವ್ವಾ,” ಎಂದೆ. “ಇನ್ನಷ್ಟು ಬಾ. ಲಗೂ ಬಾ.” ಕೈ ಮುಳುಗಿತು, ಮೊಣಕೈ ಮುಳುಗಿತು. “ಹಾಂ, ಹಂಗ. ಬಾ ನನ ತಾಯಿ.”

ದೋಣಿ ಒಮ್ಮೆ ನಡುಗಿ ಮೇಲೆದ್ದಿತು. ಹಮ್ಮಣ್ಣ ಮೋಟಾರು ಎಳೆದ. ತಿರುಗಿ ನೋಡಿದರೆ ಇವರು ನನ್ನನ್ನೇ ದಿಟ್ಟಿಸುತ್ತಿದ್ದರು. ಸೀರೆ ತೊಯ್ದಿತ್ತು, ಅದಕ್ಕಿರಬೇಕು.

ದಡದ ಮೆಟ್ಟಿಲ ಮೇಲೆ ನಾನೇ ಮಾತು ತೆಗೆದೆ. “ಸಹಿ ಬ್ಯಾಡ. ನೀವು ಕೊಣ್ಣೂರಿಗೇ ಹೋಗ್ರಿ. ಯಂಕವ್ವನ ಎಮ್ಮಿ ಗಬ್ಬ ಅದ, ಎರಡು ವಾರದ ಹಿಂದ ಬಂದು ಕೇಳಿ ಹೋದ್ಲು.”

ಇವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. ಮುಖ ಬೂದಿಯಾಗಿತ್ತು.

“ನೀ ಗಜೇಂದ್ರಗಡಾನೇ ಅಂತೀ ಅಂತ ನಂಬಿದ್ದೆ, ವಸು.”

“ಅಂದ್ರ?”

“ದೋಣಿ ಹತ್ತಿದ್ರ ನೀ ಇನ್ನಷ್ಟು ಅಂಜ್ತೀ ಅಂದ್ಕೊಂಡೆ. ಆಗ ನಾ ಸಹಿ ಮಾಡ್ತಿದ್ದೆ. ಊರ ಮಂದಿಗೆ, ನಮ್ಮಾಕಿ ಬಿಡವಲ್ಲಳು, ನಾ ಏನ್ ಮಾಡ್ಲಿ ಅಂತಿದ್ದೆ. ನನಗ ನೀರಿನ ಅಂಜಿಕಿ ಇಲ್ಲ. ಆ ಸೇತುವೆ ಅಂಜಿಕಿ ಅದ. ಅದರ ಮ್ಯಾಲೆ ಕಾಲಿಡೋದು ನೆನಿಸಿಕೊಂಡ್ರ ಉಸಿರು ಹಿಡೀತದ.”

ಇಷ್ಟು ದಿನ ನನ್ನ ಭಯವನ್ನು ಛತ್ರಿಯ ಹಾಗೆ ಬಿಚ್ಚಿ ಅದರಡಿ ನಿಂತಿದ್ದರು. ಸಿಟ್ಟು ಬಂತು. ಎರಡು ಮಾತು ಆಡಿದೆ ಕೂಡ, ಇಲ್ಲಿ ಬರೆಯುವುದಿಲ್ಲ. ಆಮೇಲೆ ಇವರ ಪಕ್ಕದಲ್ಲಿ ಕೂತೆ. ಆ ತಗಡಿನ ಮೇಲೆ ಇವರು ಒಬ್ಬರೇ ಇದ್ದರು. ಆ ದಿನದ ಬಗ್ಗೆ ನಾನು ಇವರನ್ನು ಒಮ್ಮೆಯೂ ಕೇಳಿಲ್ಲ. ಇವರು ಹೇಳಲು ಬಂದಾಗಲೆಲ್ಲ ಬೇಡ, ನೆನಪಿಸಬೇಡಿ ಎಂದು ಬಾಯಿ ಮುಚ್ಚಿಸಿದೆ.

“ಈಗ ಹೇಳ್ರಿ,” ಎಂದೆ.

ಹೇಳಿದರು. ಕತ್ತಲಾಗುವವರೆಗೆ ಹೇಳಿದರು. ಅದನ್ನು ಬರೆಯುವ ಶಕ್ತಿ ಇವತ್ತು ನನ್ನಲ್ಲಿಲ್ಲ.

“ಸೋಮವಾರ ನಾನೂ ಬರ್ತೀನಿ,” ಎಂದೆ ಕೊನೆಗೆ. ಹೇಗೆ ಬಂತೋ ಆ ಮಾತು.

ಡಿಸೆಂಬರ್ ೧, ಸೋಮವಾರ

ಶಾಲೆಗೆ ಅರ್ಧ ದಿನ ರಜೆ ಹಾಕಿ ಇವರ ಗಾಡಿಯ ಹಿಂದೆ ಕೂತು ಕೊಣ್ಣೂರಿಗೆ ಹೋದೆ. ದವಾಖಾನೆಯವರೆಗೆ ಚೆನ್ನಾಗಿಯೇ ಓಡಿಸಿದರು. ಅಲ್ಲಿಂದ ಔಷಧದ ಚೀಲ ತೆಗೆದುಕೊಂಡು ಹೊಳೆಯತ್ತ ಹೊರಟೆವು. ಸೇತುವೆಯ ಬಾಯಿಗೆ ಬಂದು ಗಾಡಿ ನಿಲ್ಲಿಸಿದರು. ಎಂಜಿನ್ನು ಆರಿಸಲೂ ಇಲ್ಲ, ಮುಂದೆ ಹೋಗಲೂ ಇಲ್ಲ.

“ಗಾಡಿ ಇಲ್ಲೇ ಇರಲಿ, ನಡಕೋತ ಹೋಗೋಣ,” ಎಂದೆ.

ನಡೆದೆವು. ಅರ್ಧ ಸೇತುವೆಗೆ ಬಂದಾಗ ಒಂದು ಲಾರಿ ಹಾದು ಕಾಲ ಕೆಳಗೆ ನಡುಗಿತು. ಇವರು ನಿಂತುಬಿಟ್ಟರು. ಆಚೆ ಹೊಲದ ಕಡೆ ನೋಡಿ, ಅದೇ ಕೊಟ್ಟಿಗೆ ಎಂದರು. ತಗಡು ಹೊಸದು ಹಾಕಿದ್ದರು. ಅಲ್ಲಿಂದ ನೋಡಿದರೆ ಒಬ್ಬ ಮನುಷ್ಯ ಕೂರಲೂ ಸಾಲದು ಎನ್ನಿಸುವಷ್ಟು ಪುಟ್ಟ ಛಾವಣಿ. ನನಗೆ ಅಳು ಬಂತು. ಇವರ ಬೆರಳು ಹಿಡಿದುಕೊಂಡೆ. ಜನ ನೋಡುತ್ತಾರೆ ಎಂಬ ಯೋಚನೆಯೂ ಬರಲಿಲ್ಲ.

ಆಚೆ ದಡದಲ್ಲಿ ಯಂಕವ್ವ ಎಮ್ಮೆ ಹಿಡಿದು ನಿಂತಿದ್ದಳು. ಇವರು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟರು, ಹೊಟ್ಟೆ ಒತ್ತಿ ನೋಡಿದರು. “ಮೇವಿಗಿ ಏನ್ ಹಾಕ್ತೀ?” ಎಂದು ಗದರಿದರು. ಮೂರು ತಿಂಗಳಿಂದ ಈ ದನಿ ನಾನು ಕೇಳಿರಲಿಲ್ಲ.

ಇವರಿಗೆ ಆ ಕಡೆ ಇನ್ನೂ ಎರಡು ಮನೆಯ ದನ ನೋಡುವುದಿತ್ತು. ನನಗೆ ಮಧ್ಯಾಹ್ನದ ತರಗತಿ. ನರಗುಂದದ ಬಸ್ಸು ನಿಲ್ಲುವುದು ಸೇತುವೆಯ ಈಚೆ, ಊರಿನ ಕಡೆ. ವಾಪಸು ನಾನೊಬ್ಬಳೇ ದಾಟಬೇಕು ಎಂಬುದು ಆಗಲೇ ಹೊಳೆದದ್ದು. ಇಷ್ಟೆಲ್ಲ ಯೋಜನೆ ಹಾಕುವವಳಿಗೆ ಇದೊಂದು ಹೊಳೆದಿರಲಿಲ್ಲ.

ಇವರು ಕೆಲಸ ಬಿಟ್ಟು ಸೇತುವೆಯ ತುದಿಯವರೆಗೆ ಬಂದು ನಿಂತರು. “ನಾ ಬರ್ಲೇನು?” ಎಂದರು. ಬಂದರೆ ಇವರು ಮತ್ತೆ ಒಬ್ಬರೇ ತಿರುಗಿ ದಾಟಬೇಕು. ಬ್ಯಾಡ ಎಂದೆ.

ಹತ್ತು ಹೆಜ್ಜೆಯೊಳಗೆ ಕಣ್ಣು ಕಂಬಿಯಾಚೆ ಕೆಳಗಿನ ನೀರಿಗೆ ಹೋಯಿತು. ಸುಳ್ಳು ಏಕೆ ಬರೆಯಲಿ, ಕಂಬಿ ಹಿಡಿದು ಅಲ್ಲೇ ಕೂತುಬಿಡಬೇಕು ಎನಿಸಿತು. ಆದರೆ ಇವರು ಹಿಂದಿನಿಂದ ನೋಡುತ್ತಿದ್ದಾರೆಂದು ಗೊತ್ತಿತ್ತು. ಸಂಜೆ ಇದೇ ಸೇತುವೆಯನ್ನು ಇವರು ಒಬ್ಬರೇ ದಾಟಬೇಕಿತ್ತು. ಕಂಬಿಗೆ ಕೈ ತಾಗಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಾಲೆಗೆ ತಡವಾದವಳ ಹಾಗೆ, ಸೇತುವೆಯ ನಡುಮಧ್ಯದಲ್ಲಿ ನೆಟ್ಟಗೆ ನಡೆದೆ.